ಕೂಡಿ ನೋಡುವುದೋ, ಕಳೆದು ನೋಡುವುದೋ? ಕೆಟ್ಟ ಫೈಲಿನ ಆಫ್‌ಸೆಟ್ ಓದುವವರಿಗೊಂದು ಹೋಲಿಕೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಒಳಗಲ್ಲಿಯೊಂದರಲ್ಲಿ ನನ್ನ ಗೆಳೆಯನ ಅಂಗಡಿಯಿದೆ. ಕೆಟ್ಟ ಮೆಮೊರಿ ಕಾರ್ಡ್, ಬಿದ್ದ ಹಾರ್ಡ್ ಡಿಸ್ಕ್, ನೀರು ಕುಡಿದ ಪೆನ್‌ಡ್ರೈವ್‌ಗಳಿಂದ ಫೈಲುಗಳನ್ನು ಎತ್ತಿಕೊಡುವುದು ಅವನ ಕಸುಬು. ಅವನಿಗಾಗಿ ನಾನು ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕ್ಯಾಮೆರಾದ ಕಚ್ಚಾ ಫೋಟೋ ಫೈಲನ್ನು ತೆರೆದು, ಅದರೊಳಗೆ ಅಡಗಿರುವ ಪುಟ್ಟ ಮುನ್ನೋಟದ ಚಿತ್ರವನ್ನು ಪರದೆಯ ಮೇಲೆ ತೋರಿಸುವುದಷ್ಟೇ ಅದರ ಕೆಲಸ. ಗಿರಾಕಿ ನೋಡಿ ಇದು ಬೇಕು, ಇದು ಬೇಡ ಎನ್ನಲಿ ಎಂದು.

ಮದುವೆಗಳ ತಿಂಗಳಲ್ಲಿ ಒಂದು ಸಂಜೆ ಅವನ ಫೋನ್ ಬಂತು. "ಒಂದು ಮದುವೆಯ ಕಾರ್ಡ್ ಬಂದಿದೆ ಕಣೋ. ಆರತಕ್ಷತೆಯಿಂದ ಹಿಡಿದು ಊಟದ ಪಂಕ್ತಿಯವರೆಗೆ ಎಲ್ಲ ಕಾಣಿಸುತ್ತದೆ. ಧಾರೆಯ ಹೊತ್ತಿನ ಫೋಟೋಗಳು ಮಾತ್ರ ಬಣ್ಣದ ಮರಳು ಎರಚಿದ ಹಾಗೆ ಬರುತ್ತಿವೆ. ಕಾರ್ಡೇ ಹೋಗಿದೆ ಎಂದು ಹೇಳಿಬಿಡಲೇ?"

"ತಡೆ, ಇನ್ನೂ ಹೇಳಬೇಡ" ಎಂದೆ. ಫೈಲುಗಳನ್ನು ತರಿಸಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪ್ರೋಗ್ರಾಂ ಒಂದೇ ಏಟಿಗೆ ಸತ್ತುಬಿತ್ತು. ಅವನ ಅಂಗಡಿಯ ಹಳೆಯ 32 ಬಿಟ್ ಡೆಸ್ಕ್‌ಟಾಪಿನಲ್ಲಿ ಮರಳು, ನನ್ನ 64 ಬಿಟ್ ಯಂತ್ರದಲ್ಲಿ ಸಾವು. ತಪ್ಪು ಕಾರ್ಡಿನದಷ್ಟೇ ಅಲ್ಲ, ನಾನು ಬರೆದ ಒಂದು ಸಾಲಿನದೂ ಆಗಿತ್ತು. ಆ ಸಾಲನ್ನು ಬೇರೆ ಹೇಗೆಲ್ಲ ಬರೆಯಬಹುದಿತ್ತು, ಯಾವುದು ಎಲ್ಲಿಗೆ ಸರಿ ಎಂಬ ಲೆಕ್ಕಾಚಾರ ಇಲ್ಲಿದೆ.

ಆ ಒಂದು ಸಾಲು

ಬಹಳಷ್ಟು ಕ್ಯಾಮೆರಾಗಳ ಕಚ್ಚಾ ಫೈಲುಗಳ ಒಡಲು ಟಿಫ್ ಎಂಬ ಚಿತ್ರ ಫೈಲಿನ ಮಾದರಿಯದು. ಅದರೊಳಗೆ ಪಟ್ಟಿಗಳಿರುತ್ತವೆ, ಪಟ್ಟಿಯ ಪ್ರತಿ ನಮೂದಿಗೆ 12 ಬೈಟು. ಮೊದಲ 8 ಬೈಟುಗಳಲ್ಲಿ ಇದು ಏನು, ಯಾವ ಬಗೆಯದು, ಎಷ್ಟು ಎಂಬ ವಿವರ. ಕೊನೆಯ 4 ಬೈಟುಗಳಲ್ಲಿ ಬೆಲೆ (ವ್ಯಾಲ್ಯೂ). ಬೆಲೆ 4 ಬೈಟಿನಲ್ಲಿ ಹಿಡಿಸದಿದ್ದರೆ ಅದು ಫೈಲಿನ ಆರಂಭದಿಂದ ಎಷ್ಟು ದೂರದಲ್ಲಿದೆ ಎಂಬ ಅಂಕಿ, ಅಂದರೆ ಆಫ್‌ಸೆಟ್. ಮುನ್ನೋಟದ ಚಿತ್ರ ಎಲ್ಲಿದೆ ಎಂದು ಹೇಳುವುದೂ ಇಂಥದೇ ಒಂದು ಆಫ್‌ಸೆಟ್. ಇದು ಸೈಟಿನ ಕ್ರಯಪತ್ರದಲ್ಲಿರುವ ಚೆಕ್ಕುಬಂದಿಯಂತೆ. ಬೆಂಗಳೂರಿನಲ್ಲಿ ಕಾಗದದ ಮೇಲಿನ ಚೆಕ್ಕುಬಂದಿಯನ್ನು ನಂಬಿ ನೇರವಾಗಿ ಪಾಯ ತೋಡುವವರು ಕಡಿಮೆ, ಟೇಪು ಹಿಡಿದು ಅಳೆದೇ ಮುಂದುವರಿಯುತ್ತಾರೆ. ನಾನೂ ಅಳೆದಿದ್ದೆ, ಹೀಗೆ:

ಆಫ್‌ಸೆಟ್ + ಉದ್ದ <= ಗಾತ್ರ

ಓದುವಾಗ ಎಷ್ಟು ನ್ಯಾಯವಾಗಿ ಕಾಣಿಸುತ್ತದೆ! ಫೈಲಿನ ಗಾತ್ರ 2,41,17,248 ಬೈಟು. ಚಿತ್ರ 160 ಅಗಲ, 120 ಎತ್ತರ, ಪ್ರತಿ ಚುಕ್ಕೆಗೆ 3 ಬೈಟು, ಒಟ್ಟು ಉದ್ದ 57,600. ಕಾರ್ಡಿನ ಕೆಟ್ಟ ಸೆಕ್ಟರಿನ ಗಡಿ ಸರಿಯಾಗಿ ಆಫ್‌ಸೆಟ್ಟಿನ ನಮೂದನ್ನೇ ಸೀಳಿಕೊಂಡು ಹೋಗಿತ್ತು: ಮೊದಲ 8 ಬೈಟು ಈಚೆಗೆ, ಕೊನೆಯ 4 ಆಚೆಗೆ. ಒಂದೇ ಕ್ಯಾಮೆರಾದ ಫೈಲುಗಳ ವಿನ್ಯಾಸ ಒಂದೇ ಆದ್ದರಿಂದ ಧಾರೆಯ ಎಲ್ಲ ಫೋಟೋಗಳಲ್ಲೂ ಅದೇ ಜಾಗಕ್ಕೆ ಪೆಟ್ಟು. ಅಳಿಸಿದ ಫ್ಲ್ಯಾಶ್ ಮೆಮೊರಿಯ ಕೋಶಗಳು ಸಾಮಾನ್ಯವಾಗಿ 1 ಎಂದೇ ಓದಿಸಿಕೊಳ್ಳುತ್ತವೆ. ಹಾಗಾಗಿ ನನಗೆ ಸಿಕ್ಕ ಆಫ್‌ಸೆಟ್ ಮೂವತ್ತೆರಡು ಒಂದುಗಳ ಸಾಲು, ಅಂದರೆ 4,29,49,67,295. ಚಿಹ್ನೆಯಿಲ್ಲದ, ಅಂದರೆ ಋಣಸಂಖ್ಯೆಗೆ ಎಡೆಯಿಲ್ಲದ, 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದೇ. ಇದಕ್ಕೆ 57,600 ಕೂಡಿಸಿದರೆ ಹಳೆಯ ಆಟೋದ ಕಿಲೋಮೀಟರ್ ಮೀಟರು 99999 ದಾಟಿ 00000ಕ್ಕೆ ಬಂದಂತೆ ಸುತ್ತಿಕೊಂಡು 57,599 ಆಗುತ್ತದೆ. ಅದು ಗಾತ್ರಕ್ಕಿಂತ ಕಡಿಮೆಯೇ, ಪರೀಕ್ಷೆ ಪಾಸು.

ಮುಂದಿನದು ಯಂತ್ರಕ್ಕೆ ಬಿಟ್ಟದ್ದು. 64 ಬಿಟ್ ಯಂತ್ರದಲ್ಲಿ ಬಫರಿನ, ಅಂದರೆ ಫೈಲನ್ನು ತುಂಬಿಕೊಂಡ ಮೆಮೊರಿಯ, ಆರಂಭಕ್ಕೆ ಈ ಆಫ್‌ಸೆಟ್ ಕೂಡಿಸಿದಾಗ ಪಾಯಿಂಟರ್ (ಮೆಮೊರಿಯ ವಿಳಾಸ) ಸುಮಾರು 4 ಜಿಬಿ ಆಚೆಗೆ ಹಾರಿತು. ಅಲ್ಲಿ ನಮ್ಮದೇನೂ ಇಲ್ಲ, ಆಪರೇಟಿಂಗ್ ಸಿಸ್ಟಂ ಕತ್ತು ಹಿಡಿದು ಹೊರಗೆ ಹಾಕಿತು. 32 ಬಿಟ್ ಯಂತ್ರದಲ್ಲಿ ಪಾಯಿಂಟರೂ ಸುತ್ತಿಕೊಂಡು ಆರಂಭಕ್ಕಿಂತ ಒಂದು ಬೈಟು ಹಿಂದಕ್ಕೆ ಬಂದು ನಿಂತಿತು. ಅಲ್ಲಿಂದ 57,600 ಬೈಟು ಓದಿದರೆ ಸಿಗುವುದು ಫೈಲಿನ ತಲೆಬರಹ, ಪಟ್ಟಿಗಳು, ಏನೇನೋ. ಅದನ್ನೇ ಬಣ್ಣಗಳೆಂದುಕೊಂಡು ಬಿಡಿಸಿದರೆ ಮರಳು. ನನ್ನ ಮಟ್ಟಿಗೆ ಸತ್ತ ಪ್ರೋಗ್ರಾಮೇ ಪ್ರಾಮಾಣಿಕ. ಮರಳು ತೋರಿಸಿದ್ದು ಒಬ್ಬರ ಧಾರೆಯ ಫೋಟೋಗಳನ್ನು ಕಸದ ಬುಟ್ಟಿಯ ಅಂಚಿನವರೆಗೆ ಒಯ್ದಿತ್ತು.

ಕೂಡಿ, ಆಮೇಲೆ ಅನುಮಾನಿಸುವುದು

ಎಲ್ಲರಿಗೂ ಮೊದಲು ಹೊಳೆಯುವ ತೇಪೆ ಇದು. ಕೂಡಿದ ಮೇಲೆ ಮೊತ್ತವು ಆಫ್‌ಸೆಟ್ಟಿಗಿಂತ ಚಿಕ್ಕದಾಗಿದ್ದರೆ ಸುತ್ತಿಕೊಂಡಿದೆ ಎಂದರ್ಥ, ತಿರಸ್ಕರಿಸು. ಚಿಹ್ನೆಯಿಲ್ಲದ ಪೂರ್ಣಾಂಕಗಳ ಸಂಕಲನಕ್ಕೆ ಇದು ಸರಿಯಾದ ಪರೀಕ್ಷೆ. ಸುತ್ತಿಕೊಳ್ಳುವುದನ್ನು ಸಿ ಭಾಷೆಯ ಮಾನಕವೇ ಖಾತರಿಪಡಿಸುತ್ತದೆ.

ಚಿಹ್ನೆಯಿರುವ ಪೂರ್ಣಾಂಕಕ್ಕೆ ಬಂದರೆ ಕಥೆಯೇ ಬೇರೆ. ಅಲ್ಲಿ ಓವರ್‌ಫ್ಲೋ ಆದರೆ, ಅಂದರೆ ಉತ್ತರ ಮಿತಿ ದಾಟಿದರೆ, ಏನಾಗಬೇಕೆಂದು ಮಾನಕ ಹೇಳುವುದೇ ಇಲ್ಲ. ಸರಿಯಾದ ಪ್ರೋಗ್ರಾಮಿನಲ್ಲಿ ಓವರ್‌ಫ್ಲೋ ಆಗುವುದಿಲ್ಲ ಎಂದು ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಊಹಿಸಿಕೊಳ್ಳುತ್ತದೆ, ಆದ್ದರಿಂದ ನಿಮ್ಮ ಪರೀಕ್ಷೆ ಎಂದೂ ನಿಜವಾಗದು ಎಂದು ತೀರ್ಮಾನಿಸಿ ಆ ಸಾಲನ್ನೇ ಕಿತ್ತುಹಾಕಬಹುದು. ಪಾಯಿಂಟರಿಗೆ ಉದ್ದ ಕೂಡಿಸಿ, ಮೊತ್ತ ಪಾಯಿಂಟರಿಗಿಂತ ಚಿಕ್ಕದೇ ಎಂದು ನೋಡುವ ಪರೀಕ್ಷೆಗೂ ಇದೇ ಗತಿ. ಜಿಸಿಸಿ ಎಂಬ ಕಂಪೈಲರ್ ಹೀಗೆ ಮಾಡುತ್ತದೆಂದು 2008ರಲ್ಲಿ ಕಂಪ್ಯೂಟರ್ ಭದ್ರತಾ ಸಂಸ್ಥೆ ಸರ್ಟ್ ಎಚ್ಚರಿಕೆಯನ್ನೇ ಹೊರಡಿಸಿತ್ತು. ಬರೆದ ಕಾವಲುಗಾರ ಕಡತದಲ್ಲಿದ್ದಾನೆ, ಸಂಬಳವೂ ನಡೆಯುತ್ತಿದೆ, ಗೇಟಿನಲ್ಲಿ ಮಾತ್ರ ಯಾರೂ ಇಲ್ಲ.

ಇನ್ನೊಂದು ಉಪದ್ರವ. ಎರಡು 16 ಬಿಟ್ ಚಿಹ್ನೆಯಿಲ್ಲದ ಸಂಖ್ಯೆಗಳನ್ನು ಗುಣಿಸಿದರೆ ಸಿ ಭಾಷೆ ಅವನ್ನು ಮೊದಲು ಚಿಹ್ನೆಯಿರುವ ಇಂಟ್ (ಸಾಮಾನ್ಯವಾಗಿ 32 ಬಿಟ್ಟಿನ ಪೂರ್ಣಾಂಕ) ಆಗಿ ಬಡ್ತಿ ಕೊಡುತ್ತದೆ. 65,535ನ್ನು 65,535ರಿಂದ ಗುಣಿಸಿದರೆ 429 ಕೋಟಿಯ ಹತ್ತಿರ. ಚಿಹ್ನೆಯಿರುವ 32 ಬಿಟ್ಟಿನ ಮಿತಿ 2,14,74,83,647. ಚಿಹ್ನೆಯಿಲ್ಲದ್ದನ್ನೇ ಬಳಸಿದ್ದೇನೆ ಎಂದು ನೆಮ್ಮದಿಯಿಂದ ಇದ್ದವರು ಅರಿಯದೆಯೇ ಆ ಹೊಂಡಕ್ಕೆ ಇಳಿದಿರುತ್ತಾರೆ. ಅಲ್ಲದೆ ಗುಣಾಕಾರಕ್ಕೆ ಈ "ಚಿಕ್ಕದಾಯಿತೇ" ಎಂಬ ಪರೀಕ್ಷೆ ನಡೆಯುವುದಿಲ್ಲ, ಸುತ್ತಿಕೊಂಡ ಗುಣಲಬ್ಧ ಮೂಲ ಸಂಖ್ಯೆಗಳಿಗಿಂತ ದೊಡ್ಡದಾಗಿಯೇ ಇರಬಹುದು. ಹಳೆಯ ಕೋಡಿನಲ್ಲಿ ಈ ದಾರಿ ಇದ್ದರೆ, ಚಿಹ್ನೆಯಿಲ್ಲದ ಬಗೆಯೇ ಎಂದು ಖಚಿತಪಡಿಸಿಕೊಂಡು ಬಿಟ್ಟುಬಿಡಿ. ಹೊಸದಾಗಿ ಬರೆಯುವುದಕ್ಕೆ ಬೇಡ.

ಕಳೆದು ನೋಡುವುದು

ನನ್ನ ಆಯ್ಕೆ ಇದು.

ಆಫ್‌ಸೆಟ್ <= ಗಾತ್ರ && ಉದ್ದ <= ಗಾತ್ರ - ಆಫ್‌ಸೆಟ್

ಬಾಯಿಮಾತಿನಲ್ಲಿ ಹೇಳುವುದಾದರೆ, ಮೊದಲು ಆರಂಭ ಫೈಲಿನೊಳಗೆ ಇದೆಯೇ ನೋಡು. ಇದ್ದರೆ ಅಲ್ಲಿಂದ ಮುಂದೆ ಉಳಿದಿರುವ ಜಾಗ ಎಷ್ಟು ಎಂದು ಲೆಕ್ಕಹಾಕಿ, ಕೇಳಿದ ಉದ್ದ ಅದರಲ್ಲಿ ಹಿಡಿಸುತ್ತದೆಯೇ ನೋಡು. ಎಲ್ಲಿಯೂ ಕೂಡಿಸುವುದಿಲ್ಲ. ಮೊದಲ ಪರೀಕ್ಷೆ ಪಾಸಾಗಿದ್ದರೆ ವ್ಯವಕಲನ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. 32 ಬಿಟ್ ಇರಲಿ, 64 ಇರಲಿ, ಹೊಸ ಹೆಡರ್ ಬೇಡ, ಹೊಸ ಕಂಪೈಲರ್ ಬೇಡ. ನನಗೆ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಓವರ್‌ಫ್ಲೋ ಆಯಿತೇ ಎಂಬುದು ನಿಜಕ್ಕೂ ನಮ್ಮ ಪ್ರಶ್ನೆಯೇ ಅಲ್ಲ. ಈ ತುಂಡು ಫೈಲಿನ ಒಳಗಿದೆಯೇ ಎಂಬುದು ಪ್ರಶ್ನೆ, ಈ ಸಾಲು ಅದನ್ನೇ ಕೇಳುತ್ತದೆ.

ಅನುಕ್ರಮ ತಪ್ಪಿದರೆ ಮಾತ್ರ ಕೆಟ್ಟಿತು. ಮೊದಲ ಭಾಗವನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದಿದ್ದರೆ ನಮ್ಮ ಉದಾಹರಣೆಯಲ್ಲಿ 2,41,17,248ರಿಂದ 4,29,49,67,295 ಕಳೆಯಬೇಕಾಗುತ್ತಿತ್ತು. ಉತ್ತರ ಹಿಂದಕ್ಕೆ ಸುತ್ತಿಕೊಂಡು 2,41,17,249, ಅಂದರೆ ಇಡೀ ಫೈಲಿಗಿಂತ ಒಂದು ಬೈಟು ಹೆಚ್ಚೇ ಜಾಗ ಉಳಿದಿದೆ ಎಂಬ ಉತ್ತರ! ಗಾತ್ರವನ್ನು ಎಲ್ಲಿಂದ ತಂದಿರಿ ಎಂಬುದೂ ಮುಖ್ಯ. ಬಿಎಂಪಿಯಂಥ ಮಾದರಿಗಳಲ್ಲಿ ಫೈಲಿನ ತಲೆಬರಹದಲ್ಲೇ ಗಾತ್ರ ಬರೆದಿರುತ್ತದೆ. ಅದೂ ಅದೇ ಕೆಟ್ಟ ಕಾರ್ಡಿನಿಂದ ಬಂದದ್ದು. ಗಾತ್ರವನ್ನು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಬೇಕು, ಆರೋಪಿಯನ್ನಲ್ಲ.

ಗುಣಾಕಾರ ಬಂದಾಗ ಇದರ ಜೊತೆಗಾರ ಭಾಗಾಕಾರ. ಟಿಫ್‌ನಲ್ಲಿ ಕೆಲವು ಬಗೆಯ ಬೆಲೆಗಳಿಗೆ ತಲಾ 8 ಬೈಟು. ಕೆಟ್ಟ ನಮೂದೊಂದು 53,68,70,913 ಬೆಲೆಗಳಿವೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಎಂಟರಿಂದ ಗುಣಿಸಿದರೆ 32 ಬಿಟ್ಟಿನಲ್ಲಿ ಬರುವ ಉತ್ತರ 8. ಎಂಟೇ ಬೈಟು ಮೆಮೊರಿ ಕೇಳಿ, ಅದರೊಳಕ್ಕೆ 53 ಕೋಟಿ ಬೆಲೆ ಸುರಿಯಲು ಹೊರಡುತ್ತದೆ ಪ್ರೋಗ್ರಾಂ. ಒಂದು ಕಡಿಮೆ, ಅಂದರೆ 53,68,70,912 ಎಂದಿದ್ದರೆ ಇನ್ನೂ ತಮಾಷೆ: ಗುಣಲಬ್ಧ ಸೊನ್ನೆ, ಸೊನ್ನೆ ಎಂದರೆ 4 ಬೈಟಿನೊಳಗೆ ಹಿಡಿಸುತ್ತದೆ, ಹಾಗಾದರೆ ಬೆಲೆ ನಮೂದಿನಲ್ಲೇ ಇದೆ ಎಂದುಕೊಂಡು ಆಫ್‌ಸೆಟ್ಟಿನ ಪರೀಕ್ಷೆಯನ್ನೇ ದಾಟಿಹೋಗುತ್ತದೆ. 2015ರಲ್ಲಿ ಆಂಡ್ರಾಯ್ಡ್ ಫೋನುಗಳನ್ನು ಕಾಡಿದ ಸ್ಟೇಜ್‌ಫ್ರೈಟ್ ದೋಷಗಳಲ್ಲಿ ಕೆಲವು ಇದೇ ಜಾತಿಯವು, ಎಂಪಿ4 ಫೈಲಿನೊಳಗಿನ ಎಣಿಕೆಯನ್ನು ನಂಬಿ ಗುಣಿಸಿದ್ದರಿಂದ ಹುಟ್ಟಿದವು. ಗುಣಿಸುವ ಬದಲು ಹೀಗೆ ಬರೆದರೆ ಮುಗಿಯಿತು:

ಎಣಿಕೆ <= (ಗಾತ್ರ - ಆಫ್‌ಸೆಟ್) / ಒಂದರ ಗಾತ್ರ

ಇದರಿಂದ ಇನ್ನೊಂದು ಲಾಭವೂ ಇದೆ. 2 ಕೋಟಿ ಬೈಟಿನ ಫೈಲು ನೂರು ಕೋಟಿ ಬೈಟಿನ ಮೆಮೊರಿ ಕೇಳುವ ಧಾಷ್ಟ್ರ್ಯಕ್ಕೆ ಅಲ್ಲೇ ಕಡಿವಾಣ ಬೀಳುತ್ತದೆ. ಓವರ್‌ಫ್ಲೋ ಆಗದಿದ್ದರೂ ಅಂಥ ಕೋರಿಕೆ ಪ್ರೋಗ್ರಾಮನ್ನು ಮಲಗಿಸಬಲ್ಲದು.

ಅಗಲವಾದ ಪಾತ್ರೆಗೆ ಸುರಿಯುವುದು

32 ಬಿಟ್ಟಿನ ಸಂಖ್ಯೆಗಳನ್ನು 64ಕ್ಕೆ ಏರಿಸಿ, ಆಮೇಲೆ ಕೂಡಿಸುವುದು ಮೂರನೆಯ ದಾರಿ. ಓದುವವರಿಗೆ ಅತಿ ಸುಲಭ. 4 ಬೈಟಿನ ಅಂಕಿಗಳಷ್ಟೇ ಇರುವ ಮಾದರಿಯಾದರೆ ಪೂರ್ತಿ ಭದ್ರವೂ ಹೌದು: ಅಂಥ ಎರಡು ಸಂಖ್ಯೆಗಳ ಮೊತ್ತ ಮಾತ್ರವಲ್ಲ, ಗುಣಲಬ್ಧವೂ 64 ಬಿಟ್ಟಿನಲ್ಲಿ ಹಿಡಿಸುತ್ತದೆ. ಆದರೆ ಏರಿಸುವುದು ಕೂಡಿಸುವ ಮೊದಲೇ ಆಗಬೇಕು. ಎರಡು 32 ಬಿಟ್ ಸಂಖ್ಯೆಗಳನ್ನು ಕೂಡಿ, ಮೊತ್ತವನ್ನು 64 ಬಿಟ್ ಚರದಲ್ಲಿಟ್ಟರೆ ಸುತ್ತಿಕೊಂಡ 57,599 ದೊಡ್ಡ ಪಾತ್ರೆಯಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳುತ್ತದೆ, ಅಷ್ಟೇ. ಬೇರೆಯವರ ಕೋಡ್ ಪರಿಶೀಲಿಸುವಾಗ ನಾನು ಮೊದಲು ಹುಡುಕುವ ತಪ್ಪು ಇದು.

ಮಾದರಿಯೇ 64 ಬಿಟ್ಟಿಗೆ ಹೋದ ದಿನ ಈ ದಾರಿ ಮುಗಿಯಿತು. ಬಿಗ್‌ಟಿಫ್, ಜಿಪ್64 ಎಲ್ಲವೂ 8 ಬೈಟಿನ ಆಫ್‌ಸೆಟ್ ಬಳಸುತ್ತವೆ. ಗೆಳೆಯನ ಅಂಗಡಿಗೆ ಬರುವ 64 ಜಿಬಿ ಕಾರ್ಡುಗಳ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆ ಕೂಡ ಫೈಲಿನ ಗಾತ್ರವನ್ನು 8 ಬೈಟಿನಲ್ಲೇ ಬರೆಯುತ್ತದೆ. ಅವನ್ನು ಇನ್ನೆಲ್ಲಿಗೆ ಏರಿಸುತ್ತೀರಿ? 32 ಬಿಟ್ ಯಂತ್ರಕ್ಕೆ ಕಟ್ಟುವಾಗ ಪರೀಕ್ಷೆ 64ರಲ್ಲಿ ನಡೆದು, ಕೊನೆಗೆ ಮೆಮೊರಿ ಕೇಳುವಾಗ ಸಂಖ್ಯೆ ಮತ್ತೆ 32ಕ್ಕೆ ಕತ್ತರಿಸಲ್ಪಡುವ ಅಪಾಯವೂ ಇದೆ.

ಅಂದ ಹಾಗೆ, ಪಿಎನ್‌ಜಿ ರೂಪಿಸಿದವರು ಈ ವಿಷಯದಲ್ಲಿ ಕರುಣಾಳುಗಳು. ಉದ್ದಕ್ಕೆ 4 ಬೈಟು ಕೊಟ್ಟರೂ ಬೆಲೆ 2,14,74,83,647 ದಾಟಬಾರದು ಎಂದು ನಿಯಮ ಮಾಡಿದ್ದಾರೆ, ಚಿಹ್ನೆಯಿಲ್ಲದ ಸಂಖ್ಯೆ ಇಲ್ಲದ ಭಾಷೆಗಳವರೂ ಬದುಕಿಕೊಳ್ಳಲಿ ಎಂದು.

ಪರೀಕ್ಷಿಸಿ ಕೂಡುವ ಸೌಲಭ್ಯಗಳು

2015ರ ಜಿಸಿಸಿ 5ರಿಂದ ಕೂಡುವ, ಕಳೆಯುವ, ಗುಣಿಸುವ ಕ್ರಿಯೆಗಳಿಗೆ ಓವರ್‌ಫ್ಲೋ ಆಯಿತೇ ಎಂದು ಹೇಳುವ ಸಿದ್ಧ ಬಿಲ್ಟ್‌ಇನ್‌ಗಳಿವೆ, ಕ್ಲ್ಯಾಂಗ್ ಎಂಬ ಕಂಪೈಲರಿನಲ್ಲೂ ಇವೆ. ಸಿ23 ಮಾನಕ ಅವನ್ನೇ ಸಿಕೆಡಿ ಎಂಬ ಅಡ್ಡಹೆಸರಿನಲ್ಲಿ ಭಾಷೆಯೊಳಕ್ಕೆ ಸೇರಿಸಿಕೊಂಡಿತು. ನಾಲ್ಕೈದು ಅಂಕಿಗಳನ್ನು ಗುಣಿಸಿ, ಕೂಡಿ, ಮೆಮೊರಿಯ ಜೋಡಣೆಗಾಗಿ ಮುಂದಿನ ಗುಣಕಕ್ಕೆ ಏರಿಸಿ ಲೆಕ್ಕ ಹಾಕಬೇಕಾದ ಕಡೆ ಇವಕ್ಕೆ ಸಾಟಿಯಿಲ್ಲ. ಅಗಲ, ಎತ್ತರ, ಬಣ್ಣದ ಪದರ ಮೂರನ್ನೂ ಗುಣಿಸುವಾಗ ನಾನು ಕಣ್ಣುಮುಚ್ಚಿ ಇವನ್ನೇ ಬಳಸುತ್ತೇನೆ.

ಎರಡು ಎಚ್ಚರಿಕೆಗಳಿವೆ. ಓವರ್‌ಫ್ಲೋ ಆದರೆ ಇವು ನಿಜ ಎನ್ನುತ್ತವೆ, ಆಗದಿದ್ದರೆ ಸುಳ್ಳು. ಯಶಸ್ಸಿಗೆ ನಿಜ ಎಂಬ ಅಭ್ಯಾಸವಿರುವ ಕೈ ತಲೆಕೆಳಗಾಗಿ ಬರೆಯುತ್ತದೆ, ನನ್ನ ಕೈಯೂ ಬರೆದಿದೆ. ಇನ್ನೊಂದು, ಲೆಕ್ಕ ಸರಿಯಾಯಿತು ಎಂದ ಮಾತ್ರಕ್ಕೆ ತುಂಡು ಫೈಲಿನೊಳಗಿದೆ ಎಂದೇನಲ್ಲ, ಗಡಿಯ ಪರೀಕ್ಷೆ ಇನ್ನೂ ಬಾಕಿ. ಬಿಲ್ಟ್‌ಇನ್ ಹಾಕಿದ ಸಂಭ್ರಮದಲ್ಲಿ ಎರಡನೆಯದನ್ನು ಮರೆಯುವವರನ್ನು ಕಂಡಿದ್ದೇನೆ.

ಜಾವಾದಲ್ಲಿ ಇದು ಇನ್ನೂ ಮೋಜು. ಅಲ್ಲಿ ಚಿಹ್ನೆಯಿಲ್ಲದ ಇಂಟ್ ಇಲ್ಲ, ಆದ್ದರಿಂದ ಮೂವತ್ತೆರಡು ಒಂದುಗಳನ್ನು ಓದಿದರೆ ಸಿಗುವುದು -1. 2014ರ ಜಾವಾ 8ರಲ್ಲಿ ಬಂದ, ಪರೀಕ್ಷಿಸಿ ಕೂಡುವ ಆಡ್‌ಎಕ್ಸಾಕ್ಟ್‌ಗೆ -1 ಮತ್ತು 57,600 ಕೊಟ್ಟರೆ 57,599 ಎಂದು ಯಾವ ತಕರಾರೂ ಇಲ್ಲದೆ ಉತ್ತರಿಸುತ್ತದೆ, ಏಕೆಂದರೆ ಅಲ್ಲಿ ಓವರ್‌ಫ್ಲೋ ಆಗಿಯೇ ಇಲ್ಲ. ಇದಕ್ಕೆಂದೇ ಜಾವಾ 9ರಲ್ಲಿ ಚೆಕ್‌ಫ್ರಮ್‌ಇಂಡೆಕ್ಸ್‌ಸೈಜ್ ಬಂತು. ಅದರ ಒಡಲು ನೋಡಿದರೆ ಋಣಸಂಖ್ಯೆ ಇದೆಯೇ ಎಂಬ ಪರೀಕ್ಷೆ, ಆಮೇಲೆ ನಮ್ಮದೇ ವ್ಯವಕಲನ.

ಭಾಷೆ ಬದಲಿಸಿದರೆ?

ರಸ್ಟ್ ಬಳಸಿ ಎಂದು ಸಲಹೆ ಕೊಡುವವರು ಬೆಂಗಳೂರಿನಲ್ಲಿ ಪ್ರತಿ ದರ್ಶಿನಿಯಲ್ಲೂ ಒಬ್ಬರು ಸಿಗುತ್ತಾರೆ. ಸಲಹೆ ಕೆಟ್ಟದ್ದಲ್ಲ. ಆದರೆ ರಸ್ಟ್ ಡೀಬಗ್ ಆವೃತ್ತಿಯಲ್ಲಿ ಓವರ್‌ಫ್ಲೋ ಆದರೆ ನಿಲ್ಲುತ್ತದೆ, ಗಿರಾಕಿಗೆ ಕೊಡುವ ರಿಲೀಸ್ ಆವೃತ್ತಿಯಲ್ಲಿ ಬೇರೆ ಹೇಳದಿದ್ದರೆ ಸುಮ್ಮನೆ ಸುತ್ತಿಕೊಳ್ಳುತ್ತದೆ. ಮೆಮೊರಿಯಿಂದ ಆಚೆ ಕಾಲಿಡಲು ಅದು ಬಿಡದು ನಿಜ, ತಪ್ಪು ಜಾಗ ಓದಲು ಬಿಡುತ್ತದೆ. ಅಲ್ಲಿ ನನಗೆ ಇಷ್ಟವಾದ ರೀತಿ, ಸ್ಲೈಸನ್ನು (ಬೈಟುಗಳ ಸಾಲನ್ನು) ಮೊದಲು ಆಫ್‌ಸೆಟ್ಟಿನಿಂದ ಕತ್ತರಿಸಿ, ಉಳಿದದ್ದರಿಂದ ಉದ್ದದಷ್ಟು ಗೆಟ್ ಮೂಲಕ ಕೇಳುವುದು. ವೇಷ ಬದಲಿಸಿಕೊಂಡು ಬಂದ ವ್ಯವಕಲನವೇ ಅದು. ಮಿತಿಗೆ ತಾಗಿ ನಿಲ್ಲುವ ಸ್ಯಾಚುರೇಟಿಂಗ್ ಸಂಕಲನವೂ ಇದೆ, ಹೆಚ್ಚುಕಡಿಮೆ ಸಾಕು. ಹೆಚ್ಚುಕಡಿಮೆ ಎಂದದ್ದೇಕೆಂದರೆ, ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲಿನ ಗರಿಷ್ಠ ಗಾತ್ರ ಸರಿಯಾಗಿ 4,29,49,67,295 ಬೈಟು. ವಿಡಿಯೊ ತುಂಬಿ ಅಷ್ಟೇ ಗಾತ್ರಕ್ಕೆ ನಿಂತ ಫೈಲಿನ ಮೇಲೆ, ಮಿತಿಗೆ ತಾಗಿ ನಿಂತ 32 ಬಿಟ್ ಮೊತ್ತವೂ ಪಾಸಾಗುತ್ತದೆ!

ಪೈಥಾನ್‌ನಲ್ಲಿ ಪೂರ್ಣಾಂಕ ಎಷ್ಟು ಬೇಕಾದರೂ ಬೆಳೆಯುತ್ತದೆ, ಓವರ್‌ಫ್ಲೋ ಚಿಂತೆಯಿಲ್ಲ. ಚಿಹ್ನೆಯಿರುವ ಸಂಖ್ಯೆಯೆಂದು ಓದಿ -1 ಪಡೆದರೆ ಮಾತ್ರ ಸ್ಲೈಸ್ ಫೈಲಿನ ಕೊನೆಯಿಂದ ಎಣಿಸುತ್ತದೆ; ಗಡಿ ದಾಟಿದ ಸ್ಲೈಸ್ ದೋಷ ಹೇಳದೆ ಚಿಕ್ಕ ತುಂಡನ್ನು ಕೊಟ್ಟು ಸುಮ್ಮನಾಗುತ್ತದೆ. ಗೋ ಭಾಷೆ ಸುತ್ತಿಕೊಳ್ಳುತ್ತದೆ, ಸ್ವಿಫ್ಟ್ ಭಾಷೆ ನಿಲ್ಲುತ್ತದೆ.

ಮೆಮೊರಿಗೆ ತುಂಬಿಕೊಳ್ಳದೆ ಸೀಕ್ ಮಾಡಿ, ಅಂದರೆ ಫೈಲಿನ ಬೇಕಾದ ಜಾಗಕ್ಕೆ ಜಿಗಿದು, ಓದಿದರೆ ಪಾಯಿಂಟರಿನ ತಂಟೆಯೇ ಇಲ್ಲ ಎನ್ನುವವರೂ ಇದ್ದಾರೆ. ಫೈಲಿನ ಕೊನೆಯಾಚೆಗೆ ಸೀಕ್ ಮಾಡಿದರೂ ದೋಷ ಬರುವುದಿಲ್ಲ, ಆಮೇಲೆ ಓದಿದಾಗ ಸೊನ್ನೆ ಬೈಟು ಸಿಗುತ್ತದೆ. ಸಿ ಭಾಷೆಯ ಎಫ್‌ಸೀಕ್ ತೆಗೆದುಕೊಳ್ಳುವುದು ಲಾಂಗ್ ಎಂಬ ಚಿಹ್ನೆಯಿರುವ ಪೂರ್ಣಾಂಕವನ್ನು. ಅದು 32 ಬಿಟ್ ಇರುವ ಕಡೆ, 64 ಬಿಟ್ ವಿಂಡೋಸ್‌ನಲ್ಲೂ, ನಮ್ಮ ಆಫ್‌ಸೆಟ್ -1 ಆಗಿ ಸೀಕ್ ವಿಫಲವಾಗುತ್ತದೆ. ಮರಳಿ ಬಂದ ಬೆಲೆಯನ್ನು ನೋಡದಿದ್ದರೆ ಹಿಂದೆ ನಿಂತಿದ್ದ ಜಾಗದಿಂದಲೇ ಓದು ಮುಂದುವರಿಯುತ್ತದೆ. ಮತ್ತೆ ಮರಳು.

ಪ್ರೋಗ್ರಾಂ ಓಡುವಾಗಲೇ ತಪ್ಪು ಹಿಡಿಯುವ ಸ್ಯಾನಿಟೈಜರ್ ಮತ್ತು ಕೆಡಿಸಿದ ಫೈಲುಗಳನ್ನು ಕೊಟ್ಟು ಕೆಣಕುವ ಫಜಿಂಗ್ ಈ ಪೈಪೋಟಿಯಲ್ಲಿಲ್ಲ. ಅವು ಕಾವಲಲ್ಲ, ಕಾವಲನ್ನು ಪರೀಕ್ಷಿಸುವ ಕಳ್ಳರು. ಲಿಬ್‌ಫಜರ್‌ನಂಥದ್ದಕ್ಕೆ ಒಂದು ಒಳ್ಳೆಯ ಫೈಲು ಕೊಟ್ಟು ರಾತ್ರಿ ಬಿಟ್ಟರೆ ಬೆಳಗ್ಗೆ ನಾಚಿಕೆಯಾಗುವಷ್ಟು ತೋರಿಸುತ್ತದೆ. ಒಂದು ಮಾತು ನೆನಪಿರಲಿ: ಜಿಸಿಸಿ ಮತ್ತು ಕ್ಲ್ಯಾಂಗ್‌ನ ಸಾಮಾನ್ಯ ಓವರ್‌ಫ್ಲೋ ಪರೀಕ್ಷೆ ಹಿಡಿಯುವುದು ಚಿಹ್ನೆಯಿರುವ ಪೂರ್ಣಾಂಕಗಳನ್ನು. ಚಿಹ್ನೆಯಿಲ್ಲದ್ದರ ಸುತ್ತುವಿಕೆಯನ್ನು ಹಿಡಿಯಬೇಕೆಂದರೆ ಕ್ಲ್ಯಾಂಗ್‌ನಲ್ಲಿ ಬೇರೆಯೇ ಆಯ್ಕೆಯನ್ನು ಚಾಲೂ ಮಾಡಬೇಕು.

ನಾನು ಈಗ ಬರೆಯುವ ರೀತಿ

ಯಾವ ದಾರಿ ಹಿಡಿದರೂ ಪರೀಕ್ಷೆಯನ್ನು ಇಪ್ಪತ್ತು ಕಡೆ ಬರೆಯಬೇಡಿ. ತುಂಡು ಕೊಡು ಎಂದು ಕೇಳುವ ಒಂದೇ ಫಂಕ್ಷನ್ ಇರಲಿ. ಆಫ್‌ಸೆಟ್, ಎಣಿಕೆ, ಒಂದರ ಗಾತ್ರ ಮೂರನ್ನೂ ಅದಕ್ಕೇ ಒಪ್ಪಿಸಿ, ಉಳಿದ ಕೋಡ್ ಬಫರನ್ನು ನೇರವಾಗಿ ಮುಟ್ಟದಿರಲಿ. ನನ್ನ ಫಂಕ್ಷನ್ನಿನ ಒಳಗಿರುವುದು ಮೂರೇ ಸಾಲು, ಒಂದು ಹೋಲಿಕೆ, ಒಂದು ವ್ಯವಕಲನ, ಒಂದು ಭಾಗಾಕಾರ. ಟಿಫ್ ಓದುವವರಿಗೆ ಇನ್ನೊಂದು ಸಾಲು ಬೇಕು. ಪ್ರತಿ ಪಟ್ಟಿಯ ಕೊನೆಯಲ್ಲಿ ಮುಂದಿನ ಪಟ್ಟಿಯ ಆಫ್‌ಸೆಟ್ ಇರುತ್ತದೆ. ಅದು ಹಿಂದಿನ ಪಟ್ಟಿಯನ್ನೇ ತೋರಿಸಿದರೆ ಯಾವ ಓವರ್‌ಫ್ಲೋ ಇಲ್ಲದೆಯೂ ಪ್ರೋಗ್ರಾಂ ರಿಂಗ್ ರಸ್ತೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಂಡ ಪಟ್ಟಿಗಳನ್ನು ಎಣಿಸಿ, ಒಂದು ಮಿತಿಯ ಮೇಲೆ ನಿಲ್ಲಿಸಬೇಕು.

ಪರೀಕ್ಷೆ ಫೇಲಾದಾಗ ಏನು ಮಾಡುವುದು ಎಂಬುದು ನಿಮ್ಮ ಕೆಲಸವನ್ನು ಅವಲಂಬಿಸಿದೆ. ಅಂತರ್ಜಾಲದಿಂದ ಯಾರೋ ಕಳಿಸಿದ ಫೈಲನ್ನು ಸರ್ವರ್ ಓದುತ್ತಿದ್ದರೆ ಇಡೀ ಫೈಲನ್ನೇ ತಿರಸ್ಕರಿಸಿ, ದಾಕ್ಷಿಣ್ಯ ಬೇಡ. ಗೆಳೆಯನ ಅಂಗಡಿಯಲ್ಲಿ ಆ ನ್ಯಾಯ ನಡೆಯದು. ಅಲ್ಲಿಗೆ ಬರುವ ಪ್ರತಿ ಫೈಲೂ ಕೆಟ್ಟದ್ದೇ. ಅಲ್ಲಿ ಕೆಟ್ಟ ನಮೂದನ್ನಷ್ಟೇ ಪಕ್ಕಕ್ಕಿಟ್ಟು ಮುಂದೆ ಹೋಗಬೇಕು, ಮತ್ತು ಪಕ್ಕಕ್ಕಿಟ್ಟಿದ್ದೇನೆ ಎಂದು ಪರದೆಯ ಮೇಲೆ ಹೇಳಬೇಕು. ಉದ್ದವನ್ನು ಉಳಿದ ಜಾಗಕ್ಕೆ ಕತ್ತರಿಸಿ ಓದುವುದು ಅರ್ಧ ಚಿತ್ರವಾದರೂ ಸಿಗಲಿ ಎನ್ನುವಾಗ ಸರಿ, ಆದರೆ ಆರಂಭವೇ ಫೈಲಿನ ಹೊರಗಿದ್ದರೆ ಕತ್ತರಿಸಲು ಏನೂ ಇರುವುದಿಲ್ಲ.

ಆ ರಾತ್ರಿ ಸಾಲು ಬದಲಿಸಿ ಕಳಿಸಿದೆ. ಮರಳು ಹೋಗಿ, ಧಾರೆಯ ಫೋಟೋಗಳ ಜಾಗದಲ್ಲಿ "ಮುನ್ನೋಟದ ವಿಳಾಸ ಫೈಲಿನ ಹೊರಗಿದೆ" ಎಂಬ ಬರಹ ಬಂತು. ವಿಳಾಸ ಹೋಯಿತೆಂದರೆ ಮನೆಯೇ ಹೋಯಿತೆಂದಲ್ಲವಲ್ಲ. ಈ ಕ್ಯಾಮೆರಾ ಕಚ್ಚಾ ಫೈಲಿನೊಳಗೆ ಪೂರ್ಣ ಗಾತ್ರದ ಒಂದು ಜೆಪೆಗ್ ಚಿತ್ರವನ್ನೂ ಅಡಗಿಸಿಡುತ್ತದೆ. ಜೆಪೆಗ್ ಆರಂಭವಾಗುವುದೇ 255, 216 ಎಂಬ ಎರಡು ಬೈಟುಗಳಿಂದ, ಮುಗಿಯುವುದು 255, 217ರಿಂದ. ಪಟ್ಟಿಯನ್ನು ಬದಿಗಿಟ್ಟು, ಫೈಲಿನ ಉದ್ದಕ್ಕೂ ಆ ಗುರುತುಗಳನ್ನೇ ಹುಡುಕುವಂತೆ ಇನ್ನೊಂದು ಫಂಕ್ಷನ್ ಸೇರಿಸಿದೆ. ಮರುದಿನ ಹನ್ನೊಂದರ ಹೊತ್ತಿಗೆ ಗೆಳೆಯ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿದ್ದ: ಕೊಬ್ಬರಿ ಗಿಟುಕಿನ ಮೇಲೆ ಹಾಲು ಬೀಳುತ್ತಿರುವ ಕ್ಷಣ, ಸುತ್ತ ನಾಲ್ಕಾರು ಕೈಗಳು. ಕೆಳಗೆ ಒಂದೇ ಸಾಲು, "ವಿಡಿಯೊ ಕಾರ್ಡೂ ಇದೆಯಂತೆ, ಎಕ್ಸ್‌ಫ್ಯಾಟ್, ಸಂಜೆ ಬಾ."